ಅಳವಂಡಿಯಿಂದ ದಿಲ್ಲಿಗೆ



ರಾಜಕಾರಣದ ಏಳಿಗೆಯನ್ನು ಮೆಟ್ಟಿಲುಗಳಿಗೆ ಹೋಲಿಸುವುದು ವಾಡಿಕೆ. ಊರಿನ ಸಭೆಯಲ್ಲಿ ಕುಳಿತು ಕೆರೆ, ದಾರಿ, ಶಾಲೆಗಳ ಲೆಕ್ಕವನ್ನು ನೋಡಿದವನು ಮುಂದೆ ಪ್ರಾಂತದ ಸಭೆಗೆ ಹೋಗುತ್ತಾನೆ. ಅಲ್ಲಿ ಪಳಗಿದವನು ದೇಶದ ಸಭೆಗೆ ಹೋಗುತ್ತಾನೆ. ಹೀಗೆ ಹೋದವನಿಗೆ ಕೆಳಗಿನವರ ಕಷ್ಟವು ತಿಳಿದಿರುತ್ತದೆ. ಕೆಳಗಿನವರಿಗೆ ಅವನ ಗುಣದೋಷಗಳು ತಿಳಿದಿರುತ್ತವೆ. ಆದರೆ ಕೆಳಗಿನ ಮೆಟ್ಟಿಲುಗಳೇ ಇಲ್ಲದ ನಾಡಿನಲ್ಲಿ ಒಬ್ಬನು ಮೇಲಕ್ಕೆ ಹತ್ತುವುದು ಹೇಗೆ? ಈ ಪ್ರಶ್ನೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಸೀಮೆಯಲ್ಲಿ ಒಂದು ಉತ್ತರವುಂಟು. ಅಳವಂಡಿಯ ಶಿವಮೂರ್ತಿಸ್ವಾಮಿಗಳ ಸಾರ್ವಜನಿಕ ಜೀವನವೇ ಆ ಉತ್ತರ.

ಮೊದಲು ಮೆಟ್ಟಿಲುಗಳು ಚೆನ್ನಾಗಿ ನೆಲೆಗೊಂಡಿದ್ದ ಒಂದು ದೇಶವನ್ನು ನೋಡೋಣ. ಯೂರೋಪಿನ ಸ್ವಿಟ್ಜರ್ಲೆಂಡಿನಲ್ಲಿ ಊರಿಗೊಂದು ಸಭೆ, ಊರುಗಳು ಸೇರಿದ ಪ್ರಾಂತಕ್ಕೊಂದು ಸಭೆ, ಪ್ರಾಂತಗಳು ಸೇರಿದ ಒಕ್ಕೂಟಕ್ಕೊಂದು ಸಭೆ. ಪ್ರಾಂತವನ್ನು ಅವರು ಕ್ಯಾಂಟನ್ ಎನ್ನುತ್ತಾರೆ. ವಿಂಟರ್‌ಥೂರ್ ಎಂಬ ಊರಿನಲ್ಲಿ 1805ರಲ್ಲಿ ಹುಟ್ಟಿದ ಯೋನಾಸ್ ಫುರ್ರರ್ ಎಂಬ ವಕೀಲನು 1834ರಲ್ಲಿ ಜೂರಿಕ್ ಕ್ಯಾಂಟನ್ನಿನ ಮಹಾಸಭೆಗೆ ಸದಸ್ಯನಾದನು. 1845ರಲ್ಲಿ ಆ ಕ್ಯಾಂಟನ್ನಿನ ಮುಖ್ಯಾಧಿಕಾರಿಯಾದನು. 1847ರ ನವೆಂಬರಿನಲ್ಲಿ ಕ್ಯಾಂಟನ್ನುಗಳ ನಡುವೆ ಅಂತರ್ಯುದ್ಧವು ನಡೆದು ಒಂದು ತಿಂಗಳೊಳಗೆ ಮುಗಿಯಿತು. 1848ರ ಸೆಪ್ಟೆಂಬರ್ 12ರಂದು ಹೊಸ ರಾಜ್ಯಾಂಗವು ಜಾರಿಗೆ ಬಂತು. ಆ ನವೆಂಬರಿನಲ್ಲಿ ಏಳು ಮಂದಿಯ ಒಕ್ಕೂಟ ಮಂಡಲಿಯನ್ನು ಆರಿಸಿದಾಗ ಫುರ್ರರನೇ ಮೊದಲ ಅಧ್ಯಕ್ಷನಾದನು. ಹದಿನಾಲ್ಕು ವರ್ಷಗಳ ಏರಿಕೆ. ಒಂದು ಮೆಟ್ಟಿಲನ್ನೂ ಹಾರಿ ದಾಟಿದ್ದಲ್ಲ.

ಸರಿಯಾಗಿ ನೂರು ವರ್ಷಗಳ ತರುವಾಯ, 1947–48ರಲ್ಲಿ, ನಮ್ಮ ಕೊಪ್ಪಳದ ಸೀಮೆಯ ಸ್ಥಿತಿಯೇನು? ಈ ನಾಲ್ಕು ತಾಲ್ಲೂಕುಗಳು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಅವುಗಳಲ್ಲಿ ಗಂಗಾವತಿ, ಕುಷ್ಟಗಿಗಳು ನೇರವಾಗಿ ಸರ್ಕಾರದ ದಿವಾಣಿ ಆಡಳಿತದಲ್ಲಿದ್ದರೆ, ಕೊಪ್ಪಳ, ಯಲಬುರ್ಗಿಗಳು ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ನೆರೆಯ ಹಳ್ಳಿಗಳ ಒಕ್ಕಲಿಗರಿಬ್ಬರು ಒಂದೇ ಬೆಳೆಯನ್ನು ಬೆಳೆದರೂ, ಒಬ್ಬನು ಕಂದಾಯವನ್ನು ಸರ್ಕಾರಕ್ಕೆ ಕಟ್ಟಬೇಕು, ಇನ್ನೊಬ್ಬನು ದೂರದ ಹೈದರಾಬಾದಿನಲ್ಲಿರುವ ಜಹಗೀರುದಾರನ ಖಜಾನೆಗೆ ಸಲ್ಲಿಸಬೇಕು. ಇಬ್ಬರ ಮನೆಮಾತೂ ಕನ್ನಡ. ಕಚೇರಿಯ ಕಾಗದವು ಮಾತ್ರ ಉರ್ದುವಿನಲ್ಲಿ. ತನ್ನ ಹೊಲದ ಪತ್ರವನ್ನು ತಾನೇ ಓದಲಾರದ ರೈತನಿಗೆ ಆಡಳಿತವೆಂಬುದು ತನ್ನದೆಂದು ತೋರುವುದು ಹೇಗೆ?

ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು 1881ರಲ್ಲಿಯೇ ಹುಟ್ಟಿತು. ಅದರ ಅಧಿಕಾರವು ಅಲ್ಪವಾಗಿದ್ದರೂ, ಊರಿನ ಅಹವಾಲನ್ನು ಎದ್ದು ನಿಂತು ಹೇಳುವ ಅಭ್ಯಾಸವಾದರೂ ಜನಕ್ಕೆ ಆಯಿತು. ಹೈದರಾಬಾದಿನಲ್ಲಿ ಅಷ್ಟೂ ಆಗಲಿಲ್ಲ. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸನ್ನು ಕಟ್ಟಹೊರಟಾಗ ಅದು ಹುಟ್ಟುವ ಮೊದಲೇ ನಿಷೇಧಕ್ಕೆ ಗುರಿಯಾಯಿತು. ಆ ನಿಷೇಧವು 1946ರವರೆಗೂ ಉಳಿಯಿತು. 1939ರಲ್ಲಿ ಸಾರಲಾದ ಸುಧಾರಣೆಗಳೂ ಊರು, ತಾಲ್ಲೂಕುಗಳ ಪ್ರತಿನಿಧಿಗಳನ್ನು ಕರೆಯದೆ, ವೃತ್ತಿವರ್ಗಗಳ ಪ್ರತಿನಿಧಿಗಳನ್ನು ಕರೆದವು. ಹೀಗೆ ಅಳವಂಡಿಯಂಥ ಹಳ್ಳಿಯ ಯುವಕನಿಗೆ ಹತ್ತಲು ಮೆಟ್ಟಿಲೊಂದೂ ಇರಲಿಲ್ಲ.

1947ರ ಆಗಸ್ಟಿನಲ್ಲಿ ದೇಶವು ಸ್ವತಂತ್ರವಾಯಿತು. ನಿಜಾಮರು ಭಾರತದ ಒಕ್ಕೂಟಕ್ಕೆ ಸೇರಲಿಲ್ಲ. ನವೆಂಬರಿನಲ್ಲಿ ಯಥಾಸ್ಥಿತಿಯ ಒಪ್ಪಂದವೊಂದಾಯಿತು. ರಜಾಕಾರರ ಉಪಟಳವು ಹೆಚ್ಚಿದಂತೆ, ಗಡಿಯಾಚೆಗೆ ಮುಂಬಯಿ ಇಲಾಖೆಯ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಗಜೇಂದ್ರಗಡದಲ್ಲೊಂದು, ಮುಂಡರಗಿಯಲ್ಲೊಂದು. ಮುಂಡರಗಿಯ ಶಿಬಿರದ ನಾಯಕತ್ವವನ್ನು ಶಿವಮೂರ್ತಿಸ್ವಾಮಿಗಳು ವಹಿಸಿದರು.

ಮುಂಡರಗಿಯ ಹೆಸರನ್ನು ಕೇಳಿದೊಡನೆ ಆ ಸೀಮೆಯವರಿಗೆ ಇನ್ನೊಂದು ನೆನಪಾಗುತ್ತದೆ. 1858ರಲ್ಲಿ ಮುಂಡರಗಿಯ ಭೀಮರಾಯರು ಕಂಪನಿಯ ಸರ್ಕಾರಕ್ಕೆ ಎದುರಾಗಿ ಎದ್ದು, ಕೊಪ್ಪಳದ ಕೋಟೆಯನ್ನು ಹಿಡಿದು, ಅಲ್ಲಿಯೇ ಹೋರಾಡಿ ಮಡಿದರು. ತೊಂಬತ್ತು ವರ್ಷಗಳಾದ ಮೇಲೆ ಮುಂಡರಗಿಯಿಂದ ಕೊಪ್ಪಳಕ್ಕೆ ಹೋಗುವ ಅದೇ ದಾರಿಯು ಮತ್ತೊಂದು ಹೋರಾಟಕ್ಕೆ ದಾರಿಯಾಯಿತು. ಭೀಮರಾಯರು ಕೋಟೆಯೊಳಗೆ ಸಿಕ್ಕಿಬಿದ್ದರು. ಶಿಬಿರದವರು ಗಡಿಯನ್ನು ಬೆನ್ನಿಗಿಟ್ಟುಕೊಂಡು, ಹಳ್ಳಿಗಳನ್ನು ಒಂದೊಂದಾಗಿ ನಿಜಾಮರ ಆಳ್ವಿಕೆಯಿಂದ ಬಿಡಿಸುತ್ತ ಬಂದರು. ಇದು ಗಮನಿಸಬೇಕಾದ ವ್ಯತ್ಯಾಸ.

ಶಿಬಿರವೆಂದರೆ ಬರಿಯ ಕಾದಾಟವೆಂದು ತಿಳಿಯಬಾರದು. ಊರುಬಿಟ್ಟು ಬಂದವರಿಗೆ ಅನ್ನವೆಲ್ಲಿಂದ, ಬಂದ ಯುವಕರಲ್ಲಿ ನಂಬತಕ್ಕವರಾರು, ಬಿಡುಗಡೆಯಾದ ಹಳ್ಳಿಯಲ್ಲಿ ಶಾಂತಿಯನ್ನು ಕಾಯುವವರಾರು, ಹಗೆಯನ್ನು ತೀರಿಸಿಕೊಳ್ಳಬಯಸುವವನ ಕೈಯನ್ನು ತಡೆಯುವವರಾರು? ಇವೆಲ್ಲವೂ ಆಡಳಿತದ ಪ್ರಶ್ನೆಗಳೇ. ಫುರ್ರರನು ಕ್ಯಾಂಟನ್ನಿನ ಸಭೆಯಲ್ಲಿ ವರ್ಷಗಟ್ಟಲೆ ಕುಳಿತು ಕಲಿತ ವಿದ್ಯೆಯನ್ನು ಮುಂಡರಗಿಯಲ್ಲಿ ತಿಂಗಳುಗಳೊಳಗೆ ಕಲಿಯಬೇಕಾಗಿತ್ತು. ಕೆಳಗಿನ ಮೆಟ್ಟಿಲು ಇಲ್ಲದ ಕಡೆ ಶಿಬಿರವೇ ಮೆಟ್ಟಿಲಾಯಿತು. ಅದಕ್ಕೊಂದು ಕೊರತೆಯೂ ಉಂಟು. ಸಭೆಯ ಸದಸ್ಯನನ್ನು ಜನರು ಓಟು ಹಾಕಿ ಇಳಿಸಬಹುದು. ಶಿಬಿರದ ನಾಯಕನನ್ನು ಹಾಗೆ ಇಳಿಸುವ ಏರ್ಪಾಡಿಲ್ಲ. ಆ ಪರೀಕ್ಷೆಯು ಮುಂದೆ ಬರಬೇಕಾಗಿತ್ತು, ಬಂತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಹೈದರಾಬಾದನ್ನು ಪ್ರವೇಶಿಸಿತು; 17ರಂದು ನಿಜಾಮರು ಶರಣಾದರು. 1949ರಲ್ಲಿ ಜಹಗೀರುಗಳು ರದ್ದಾದವು; ಕೊಪ್ಪಳ, ಯಲಬುರ್ಗಿಗಳ ರೈತರು ಗಂಗಾವತಿ, ಕುಷ್ಟಗಿಗಳವರೊಡನೆ ಒಂದೇ ಆಡಳಿತಕ್ಕೆ ಬಂದರು. 1952ರಲ್ಲಿ ಮೊದಲ ಮಹಾಚುನಾವಣೆ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಚಿಹ್ನೆ. ಅಕ್ಷರ ಬಾರದವನೂ ಚಿಹ್ನೆಯನ್ನು ನೋಡಿ ಚೀಟಿಯನ್ನು ಹಾಕಬಹುದಾಗಿತ್ತು. ಶಿವಮೂರ್ತಿಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ನಿಂತರು. ಸ್ವತಂತ್ರರಾಗಿ ನಿಂತು ಗೆದ್ದರು. ಸ್ವಾತಂತ್ರ್ಯವನ್ನು ತಂದ ಪಕ್ಷದ ಹೆಸರಿಗೆ ಇದ್ದ ಪ್ರಭಾವವನ್ನು ನೆನೆದರೆ ಈ ಗೆಲುವಿನ ತೂಕವು ತಿಳಿಯುತ್ತದೆ.

ಇಲ್ಲಿ ಸ್ವಿಟ್ಜರ್ಲೆಂಡಿನೊಡನೆ ಮತ್ತೊಮ್ಮೆ ಹೋಲಿಸಿ ನೋಡಬೇಕು. ಆ ದೇಶದಲ್ಲಿ ಮೆಟ್ಟಿಲುಗಳೆಲ್ಲ ಇದ್ದವು. ಆದರೆ ಒಕ್ಕೂಟದ ಚುನಾವಣೆಯಲ್ಲಿ ಓಟಿನ ಹಕ್ಕು ಹೆಂಗಸರಿಗೆ ದೊರೆತದ್ದು 1971ರಲ್ಲಿ. ಕುಷ್ಟಗಿಯ ಒಕ್ಕಲಗಿತ್ತಿಗೆ ಅದು 1952ರಲ್ಲಿಯೇ ದೊರೆಯಿತು. ಅವರು ತಳದಿಂದ ಕಟ್ಟಿದರು, ಅರ್ಧ ಜನವನ್ನು ಹೊರಗಿಟ್ಟರು. ನಾವು ಛಾವಣಿಯನ್ನು ಮೊದಲು ಹೊದಿಸಿದೆವು, ಆದರೆ ಅದರ ಕೆಳಗೆ ಎಲ್ಲರನ್ನೂ ಕರೆದೆವು. ಯಾವ ಕ್ರಮವೂ ಪೂರ್ಣವೆನ್ನುವಂತಿಲ್ಲ.

ಶಿವಮೂರ್ತಿಸ್ವಾಮಿಗಳು ಸದಸ್ಯರಾಗಿದ್ದ ಐದು ವರ್ಷಗಳಲ್ಲಿಯೇ ಕನ್ನಡ ನಾಡಿನ ಭೂಪಟವು ಬದಲಾಯಿತು. 1953ರ ಡಿಸೆಂಬರಿನಲ್ಲಿ ಫಜಲ್ ಆಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣೆಯ ಆಯೋಗವು ನೇಮಕವಾಯಿತು. 1955ರಲ್ಲಿ ವರದಿಯನ್ನು ಒಪ್ಪಿಸಿತು. 1956ರಲ್ಲಿ ಅವರು ಕುಳಿತಿದ್ದ ಸಭೆಯೇ ಪುನರ್ವಿಂಗಡಣೆಯ ಕಾಯಿದೆಯನ್ನು ಮಾಡಿತು. ಆ ವರ್ಷದ ನವೆಂಬರ್ 1ರಂದು ರಾಯಚೂರು ಜಿಲ್ಲೆಯೊಡನೆ ಈ ನಾಲ್ಕು ತಾಲ್ಲೂಕುಗಳೂ ಮೈಸೂರು ರಾಜ್ಯಕ್ಕೆ ಸೇರಿದವು. ಏಕೀಕರಣಕ್ಕಾಗಿ ದುಡಿದವರಲ್ಲಿ ಅವರೂ ಒಬ್ಬರು. ಹೈದರಾಬಾದು ಸಂಸ್ಥಾನದ ಪ್ರಜೆಯಾಗಿ ಬೆಳೆದು, ಹೈದರಾಬಾದು ರಾಜ್ಯದ ಪ್ರತಿನಿಧಿಯಾಗಿ ದಿಲ್ಲಿಗೆ ಹೋದವರು, ಮೈಸೂರು ರಾಜ್ಯದ ಪ್ರಜೆಯಾಗಿ ಊರಿಗೆ ಮರಳಿದರು.

ಇದೇ ಕಾಲದಲ್ಲಿ ನೀರಿನ ಪ್ರಶ್ನೆಯೂ ಎದ್ದಿತು. 1945ರಲ್ಲಿ ಮೊದಲಾದ ತುಂಗಭದ್ರಾ ಅಣೆಕಟ್ಟು 1953ರ ಹೊತ್ತಿಗೆ ನೀರು ಕೊಡುವಷ್ಟಾಯಿತು. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಿಂದ ಹೊರಟ ಎಡದಂಡೆಯ ಕಾಲುವೆಯು ಗಂಗಾವತಿಯನ್ನು ಬತ್ತದ ಕಣಜವಾಗಿ ಮಾಡಿತು. ಕುಷ್ಟಗಿ, ಯಲಬುರ್ಗಿಗಳ ಎತ್ತರದ ಹೊಲಗಳು ಮಳೆಯ ದಾರಿಯನ್ನೇ ನೋಡುತ್ತ ಜೋಳ, ಸಜ್ಜೆಗಳ ಮೇಲೆ ನಿಂತವು. ಮೊದಲು ದಿವಾಣಿ, ಜಹಗೀರುಗಳ ನಡುವೆ ಇದ್ದ ಗೆರೆಯು ಅಳಿಸಿತು. ನೀರು ಬಂದ ಊರು, ಬಾರದ ಊರುಗಳ ನಡುವೆ ಹೊಸ ಗೆರೆಯೊಂದು ಮೂಡಿತು. ಎರಡೂ ಬಗೆಯ ಜನರಿಗೆ ದಿಲ್ಲಿಯಲ್ಲಿ ಒಬ್ಬನೇ ಬಾಯಾಗುವುದು ಸುಲಭದ ಕೆಲಸವಲ್ಲ.

1957ರಲ್ಲಿ ಕ್ಷೇತ್ರವು ಕೊಪ್ಪಳದ ಹೆಸರನ್ನು ಪಡೆಯಿತು. ಕಾಂಗ್ರೆಸ್ಸಿನ ಸಂಗಣ್ಣ ಅಗಡಿಯವರು ಆರಿಸಿಬಂದರು. 1962ರಲ್ಲಿ ಶಿವಮೂರ್ತಿಸ್ವಾಮಿಗಳು ಲೋಕಸೇವಕ ಸಂಘದ ಹೆಸರಿನಲ್ಲಿ ನಿಂತು ಮತ್ತೆ ಗೆದ್ದರು. ಆ ವರ್ಷ ಮೈಸೂರು ರಾಜ್ಯದ 26 ಸ್ಥಾನಗಳಲ್ಲಿ 25 ಕಾಂಗ್ರೆಸ್ಸಿಗೆ ಬಂದವು. ಉಳಿದ ಒಂದೇ ಒಂದು ಸ್ಥಾನವು ಕೊಪ್ಪಳದ್ದು. 1967ರಲ್ಲಿ ಜನರು ಮರಳಿ ಅಗಡಿಯವರನ್ನು ಕಳುಹಿಸಿದರು. ಶಿಬಿರದಲ್ಲಿ ಇಲ್ಲದ ಪರೀಕ್ಷೆಯು ಹೀಗೆ ಬಂತು. ಇಪ್ಪತ್ತು ವರ್ಷಗಳ ಹಿಂದೆ ಓಟೆಂಬುದನ್ನೇ ಕಾಣದಿದ್ದ ಜನರು ಒಬ್ಬ ಹೋರಾಟಗಾರನನ್ನು ಎರಡು ಸಲ ಏರಿಸಿದರು. ಇನ್ನೊಬ್ಬನು ತಕ್ಕವನೆಂದು ತೋರಿದಾಗ ಅವನನ್ನೂ ಎರಡು ಸಲ ಏರಿಸಿದರು. ಹಳೆಯ ಋಣವನ್ನು ಅವರು ಮರೆತರೆನ್ನುವುದು ಸರಿಯಲ್ಲ. ಋಣ ಬೇರೆ, ಓಟು ಬೇರೆ ಎಂಬುದನ್ನು ಅರಿತರೆನ್ನುವುದೇ ಸರಿ. ಆ ಬಿಡುಗಡೆಗಾಗಿಯೇ ಅಲ್ಲವೆ ಮುಂಡರಗಿಯಲ್ಲಿ ಶಿಬಿರವನ್ನು ಕಟ್ಟಿದ್ದು?

ಕೆಳಗಿನ ಮೆಟ್ಟಿಲುಗಳನ್ನು ಕಟ್ಟುವ ಕೆಲಸವು ಆಮೇಲೆ ನಡೆಯಿತು. 1959ರ ಗ್ರಾಮಪಂಚಾಯತಿ ಕಾಯಿದೆ, 1983ರ ಕಾಯಿದೆಯಂತೆ 1987ರಲ್ಲಿ ಆರಿಸಿಬಂದ ಜಿಲ್ಲಾಪರಿಷತ್ತು ಮತ್ತು ಮಂಡಲ ಪಂಚಾಯತಿಗಳು, 1993ರ ಪಂಚಾಯತ್ ರಾಜ್ ಕಾಯಿದೆ, ಹೀಗೆ ಒಂದೊಂದಾಗಿ ಬಂದವು. 1997ರಲ್ಲಿ ಕೊಪ್ಪಳವೇ ಒಂದು ಜಿಲ್ಲೆಯಾಯಿತು. ಈಗ ಅಳವಂಡಿಯ ಯುವಕನಾಗಲಿ ಯುವತಿಯಾಗಲಿ ಊರಿನ ಪಂಚಾಯತಿಯಿಂದ ಮೊದಲುಮಾಡಿ ದಿಲ್ಲಿಯವರೆಗೆ ಹೆಜ್ಜೆಹೆಜ್ಜೆಯಾಗಿ ಹೋಗಬಹುದು.

ಮೆಟ್ಟಿಲು ಸಿದ್ಧವಾಗಿರುವಾಗ ಹತ್ತುವವರಿಗೆ ಒಂದು ಅಪಾಯವುಂಟು. ಮೆಟ್ಟಿಲು ಇರುವುದೇ ತಮ್ಮ ಏರಿಕೆಗಾಗಿ ಎಂಬ ಭ್ರಮೆ ಹುಟ್ಟಬಹುದು. ಮೆಟ್ಟಿಲಿಲ್ಲದ ಕಾಲದಲ್ಲಿ ಹತ್ತಿದವರಿಗೆ ಆ ಭ್ರಮೆಗೆ ಎಡೆಯಿರಲಿಲ್ಲ. ಜನರ ಹೆಗಲೇ ಅವರಿಗೆ ಆಧಾರವಾಗಿತ್ತು, ಆ ಹೆಗಲು ಯಾರದೆಂಬುದು ಅವರಿಗೆ ಗೊತ್ತಿತ್ತು. ಗಂಗಾವತಿಯ ಗದ್ದೆಯವರೂ ಕುಷ್ಟಗಿಯ ಹೊಲದವರೂ ತಮ್ಮ ಪ್ರತಿನಿಧಿಯಿಂದ ಇಂದು ಕೇಳತಕ್ಕದ್ದು ಆ ಅರಿವನ್ನೇ.