ಸಿಗ್ಕಾವು, ಸ್ಟೆಲ್ಲಾ
(1937-2006). ದಕ್ಷಿಣ ಆಫ್ರಿಕದ ರಾಜಕಾರಣಿ. ಟ್ರಾನ್ಸ್‌ಕೈ ಪ್ರಧಾನಿಯಾಗಿ, ಬಂಟುಸ್ಥಾನವೊಂದರ ಸರ್ಕಾರವನ್ನು ಮುನ್ನಡೆಸಿದ ಏಕೈಕ ಮಹಿಳೆ. ವರ್ಣಭೇದ ನೀತಿಯ ಕಾಲದಲ್ಲಿ ಕಪ್ಪು ಜನರನ್ನು ಬುಡಕಟ್ಟುವಾರು ವಿಂಗಡಿಸಿ, ಅವರ ರಾಜಕೀಯ ಹಕ್ಕುಗಳನ್ನು ಸೀಮಿತಗೊಳಿಸಲು ಬಿಳಿಯರ ಸರ್ಕಾರ ಗುರುತಿಸಿದ ಪ್ರದೇಶಗಳಿಗೆ ಬಂಟುಸ್ಥಾನಗಳೆಂದು ಹೆಸರು. 1976ರಲ್ಲಿ ಸ್ವತಂತ್ರವೆಂದು ಘೋಷಿತವಾದ ಟ್ರಾನ್ಸ್‌ಕೈಗೆ ದಕ್ಷಿಣ ಆಫ್ರಿಕದ ಹೊರಗೆ ಅಂತಾರಾಷ್ಟ್ರೀಯ ಮನ್ನಣೆ ದೊರೆಯಲಿಲ್ಲ.

ಈಕೆ ಪೂರ್ವ ಪೋಂಡೋಲ್ಯಾಂಡಿನ ಪರಮ ಮುಖ್ಯಸ್ಥನೂ ಟ್ರಾನ್ಸ್‌ಕೈನ ಮೊದಲ ಅಧ್ಯಕ್ಷನೂ ಆಗಿದ್ದ ಬೋಥಾ ಸಿಗ್ಕಾವುವಿನ ಮಗಳು. ಫೋರ್ಟ್ ಹೇರ್‌ನಲ್ಲಿ ಉನ್ನತ ವ್ಯಾಸಂಗ ಮಾಡಿ, ಕೆಲಕಾಲ ಶಿಕ್ಷಕಿಯಾಗಿದ್ದು, 1968ರಲ್ಲಿ ಟ್ರಾನ್ಸ್‌ಕೈ ಶಾಸನಸಭೆಗೆ ಆಯ್ಕೆಯಾದಳು. 1963ರಲ್ಲಿ ರಚನೆಯಾದ ಆ ಸಭೆಯಲ್ಲಿ 64 ಸ್ಥಾನಗಳು ಮುಖ್ಯಸ್ಥರಿಗೆ ಮೀಸಲಾಗಿದ್ದು, 45 ಸ್ಥಾನಗಳಿಗೆ ಮಾತ್ರ ಚುನಾವಣೆ ನಡೆಯುತ್ತಿತ್ತು. ವಂಶಪಾರಂಪರ್ಯದ ಪುರುಷಾಧಿಕಾರವೇ ಪ್ರಬಲವಾಗಿದ್ದ ಈ ವ್ಯವಸ್ಥೆಯಲ್ಲಿ ಶಿಕ್ಷಣವೂ ಸೇರಿದಂತೆ ಹಲವು ಖಾತೆಗಳನ್ನು ನಿರ್ವಹಿಸಿದಳು.

ಭ್ರಷ್ಟಾಚಾರದ ಆರೋಪಗಳ ನಡುವೆ ಪ್ರಧಾನಿ ಜಾರ್ಜ್ ಮಟಾಂಜಿಮಾ ಅಧಿಕಾರ ಬಿಟ್ಟ ಮೇಲೆ, 1987ರ ಅಕ್ಟೋಬರ್‌ನಲ್ಲಿ ಪ್ರಧಾನಿಯಾದಳು. ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 30ರಂದು, ಬಂಟು ಹೊಲೊಮಿಸಾ ನೇತೃತ್ವದ ಸೇನೆ ಆಕೆಯನ್ನು ಪದಚ್ಯುತಗೊಳಿಸಿತು. 1994ರಲ್ಲಿ ಟ್ರಾನ್ಸ್‌ಕೈ ದಕ್ಷಿಣ ಆಫ್ರಿಕದಲ್ಲಿ ಮರುವಿಲೀನಗೊಂಡ ಬಳಿಕ, ನೆಲ್ಸನ್ ಮಂಡೇಲಾ ಸಂಪುಟದಲ್ಲಿ ಸಾರ್ವಜನಿಕ ಉದ್ಯಮಗಳ ಸಚಿವೆಯಾಗಿ, 1999ರಿಂದ ಸಾಯುವವರೆಗೆ ಲೋಕೋಪಯೋಗಿ ಸಚಿವೆಯಾಗಿ ಸೇವೆ ಸಲ್ಲಿಸಿದಳು. ಮುಖ್ಯಸ್ಥರ ಮನೆತನದ ಬಲ, ಆಧುನಿಕ ಶಿಕ್ಷಣ ಹಾಗೂ ಬಂಟುಸ್ಥಾನದ ಆಡಳಿತಾನುಭವಗಳು ಪ್ರಜಾಪ್ರಭುತ್ವದ ಹೊಸ ವ್ಯವಸ್ಥೆಯೊಳಗೂ ಮುಂದುವರಿದ ಬಗೆಯನ್ನು ತಿಳಿಯಲು ಈಕೆಯ ರಾಜಕೀಯ ಜೀವನ ಮುಖ್ಯ ಆಧಾರವಾಗಿದೆ.