ರೋಗದ ಸುದ್ದಿ ಮತ್ತು ರಾಷ್ಟ್ರಗಳ ಒಪ್ಪಂದ

(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಸಾರ)



ನಾನು ಇತಿಹಾಸಕಾರನಲ್ಲ, ವೈದ್ಯ. ಆದರೂ ಇತಿಹಾಸದ ಒಂದು ಪ್ರಶ್ನೆ 1994ರಿಂದ ನನ್ನ ಬೆನ್ನು ಬಿಟ್ಟಿಲ್ಲ. ಆಗ ನಾನು ಈ ದೇಶದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದೆ. ಸೆಪ್ಟೆಂಬರ್ ತಿಂಗಳಲ್ಲಿ ಸೂರತ್ತಿನಲ್ಲಿ ಪ್ಲೇಗ್ ಕಾಣಿಸಿಕೊಂಡ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಹಲವು ದೇಶಗಳು ಭಾರತದ ವಿಮಾನಗಳನ್ನು ತಡೆದವು. ಅದೇ ದಿನಗಳಲ್ಲಿ ಬೆಂಗಳೂರಿನಿಂದ ಬಂದಿಳಿದ ನನ್ನ ತಾಯಿಯವರನ್ನು ವಿಮಾನ ನಿಲ್ದಾಣದಲ್ಲಿ ಬಹಳ ಹೊತ್ತು ನಿಲ್ಲಿಸಿ ಪ್ರಶ್ನಿಸಿದರು. ಬೆಂಗಳೂರಿಗೂ ಸೂರತ್ತಿಗೂ ಸಾವಿರ ಕಿಲೋಮೀಟರಿಗೂ ಮಿಕ್ಕ ಅಂತರ! ಹೊರಗೆ ಬಂದ ಅಮ್ಮ ಕೇಳಿದ್ದು ಇಷ್ಟೇ: "ಕಾಯಿಲೆ ಬಂದಿದೆ ಅಂತ ಹೇಳಿದ್ದೇ ತಪ್ಪಾಯ್ತೇನಪ್ಪಾ?"

ಈ ಪ್ರಶ್ನೆ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲರಾ ಬೇನೆಯು ಮತ್ತೆ ಮತ್ತೆ ಯೂರೋಪನ್ನು ನಡುಗಿಸಿತು. ಒಂದೊಂದು ಬಂದರಿಗೆ ಒಂದೊಂದು ನಿಯಮ. ಹಡಗುಗಳು ವಾರಗಟ್ಟಲೆ ಕಾಯಬೇಕಾಗಿತ್ತು. ಆದುದರಿಂದ 1851ರಲ್ಲಿ ಹನ್ನೆರಡು ರಾಷ್ಟ್ರಗಳು ಪ್ಯಾರಿಸ್ಸಿನಲ್ಲಿ ಸಮ್ಮೇಳನ ನಡೆಸಿದವು. ಪ್ರತಿಯೊಂದು ರಾಷ್ಟ್ರವೂ ಒಬ್ಬ ವೈದ್ಯನನ್ನೂ ಒಬ್ಬ ರಾಜತಾಂತ್ರಿಕನನ್ನೂ ಕಳುಹಿಸಿತ್ತು. ಕಾಲರಾ ಒಬ್ಬರಿಂದೊಬ್ಬರಿಗೆ ಹರಡುತ್ತದೆಯೇ ಎಂಬ ವಿಷಯದಲ್ಲಿ ವೈದ್ಯರಲ್ಲೇ ಒಮ್ಮತವಿರಲಿಲ್ಲ. ವ್ಯಾಪಾರಕ್ಕೆ ಧಕ್ಕೆಯಾದೀತೆಂಬುದು ರಾಜತಾಂತ್ರಿಕರ ಚಿಂತೆ. ತಿಂಗಳುಗಟ್ಟಲೆ ಚರ್ಚಿಸಿ ಕರಡು ಸಿದ್ಧಪಡಿಸಿದರೂ ಹೆಚ್ಚಿನ ರಾಷ್ಟ್ರಗಳು ಅದನ್ನು ಅನುಮೋದಿಸಲಿಲ್ಲ.

ರೋಗಾಣುವನ್ನು ರಾಬರ್ಟ್ ಕಾಖ್ 1884ರಲ್ಲಿ ಗುರುತಿಸಿದ ಮೇಲೆ ವೈದ್ಯರ ವಾದ ಕ್ರಮೇಣ ಇತ್ಯರ್ಥವಾಯಿತು. 1892ರಲ್ಲಿ, ಅಂದರೆ 41 ವರ್ಷಗಳ ನಂತರ, ಸುಯೆಜ್ ಕಾಲುವೆಯ ಹಡಗುಗಳಿಗೆ ಸಂಬಂಧಿಸಿದ ಮೊದಲ ಒಪ್ಪಂದಕ್ಕೆ ವೆನಿಸ್‌ನಲ್ಲಿ ಸಹಿ ಬಿತ್ತು. ಮರುವರ್ಷ ಡ್ರೆಸ್ಡೆನ್‌ನಲ್ಲಿ ಆದ ಒಪ್ಪಂದ ಇನ್ನೂ ಮುಖ್ಯವಾದುದು. ಕಾಲರಾ ಕಾಣಿಸಿಕೊಂಡ ದೇಶ ಇತರರಿಗೆ ತಿಳಿಸತಕ್ಕದ್ದು. ಇತರರು ಗೊತ್ತಾದ ಮಿತಿಯನ್ನು ಮೀರಿ ಅದರ ಮೇಲೆ ನಿರ್ಬಂಧ ಹೇರತಕ್ಕದ್ದಲ್ಲ. ಅಂತರರಾಷ್ಟ್ರೀಯ ಆರೋಗ್ಯ ಕಾನೂನಿನ ತಿರುಳು ಈ ಎರಡು ಮಾತುಗಳಲ್ಲಿದೆ. ಒಂದು ಮುರಿದರೆ ಇನ್ನೊಂದು ನಿಲ್ಲದು.

1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಥಾಪನೆಯಾದಾಗ, 1851ರ ಸೋಲಿನಿಂದ ಪಾಠ ಕಲಿತಂತೆ ಅದರ ಸಂವಿಧಾನದಲ್ಲಿ ಒಂದು ಜಾಣತನದ ವಿಧಿ ಸೇರಿತು. ಸಂಸ್ಥೆಯ ಮಹಾಸಭೆ ಅಂಗೀಕರಿಸಿದ ನಿಯಮಾವಳಿಯನ್ನು ನಿಗದಿತ ಅವಧಿಯೊಳಗೆ ತಿರಸ್ಕರಿಸದಿದ್ದರೆ ಸದಸ್ಯ ರಾಷ್ಟ್ರ ಅದಕ್ಕೆ ಬದ್ಧ. ಮೌನವೇ ಸಮ್ಮತಿ! 1951ರಲ್ಲಿ ಬಂದ ಇಂತಹ ನಿಯಮಾವಳಿಯನ್ನು 1969ರಲ್ಲಿ ಪರಿಷ್ಕರಿಸಲಾಯಿತು. ಸೂರತ್ತಿನ ಪ್ರಕರಣದ ಕಾಲದಲ್ಲಿ ಜಾರಿಯಲ್ಲಿದ್ದುದು ಅದೇ. ಮಿತಿ ಮೀರಿದ ನಿರ್ಬಂಧ ಸಲ್ಲದೆಂದು ಅದರಲ್ಲಿಯೂ ಇತ್ತು. ಮೀರಿದವರನ್ನು ಹಿಡಿಯಲು ಪೋಲೀಸರಿರಲಿಲ್ಲ, ಅಷ್ಟೇ.

2003ರ ಸಾರ್ಸ್ ಬೇನೆಯ ಬಳಿಕ, 2005ರಲ್ಲಿ ನಿಯಮಾವಳಿಯನ್ನು ಮತ್ತೆ ತಿದ್ದಿದರು. ಹೆಸರಿಸಿದ ಕೆಲವು ರೋಗಗಳಷ್ಟೇ ಅಲ್ಲ, ಗಡಿ ದಾಟಿ ಅಪಾಯ ತರಬಹುದಾದ ಯಾವುದೇ ಘಟನೆಯನ್ನು ಪರಿಶೀಲಿಸಿದ 24 ಗಂಟೆಗಳೊಳಗೆ ವರದಿ ಮಾಡಬೇಕು. ಸರ್ಕಾರ ಸುಮ್ಮನಿದ್ದರೆ ಸಂಸ್ಥೆಯು ಬೇರೆ ಮೂಲಗಳ ಸುದ್ದಿಯನ್ನೂ ಪರಿಗಣಿಸಬಹುದು. ಹೆಚ್ಚಿನ ನಿರ್ಬಂಧ ಹೇರುವವರು ವೈಜ್ಞಾನಿಕ ಕಾರಣ ಕೊಡಬೇಕು.

ಆದರೂ 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಕೋವಿಡ್‌ನ ಹೊಸ ರೂಪಾಂತರದ ಸುದ್ದಿಯನ್ನು ತಡಮಾಡದೆ ಜಗತ್ತಿಗೆ ತಿಳಿಸಿದಾಗ ಆದದ್ದೇನು? ಕೆಲವೇ ದಿನಗಳಲ್ಲಿ ಹತ್ತಾರು ದೇಶಗಳು ಅಲ್ಲಿಂದ ಬರುವವರಿಗೆ ಬಾಗಿಲು ಮುಚ್ಚಿದವು. ಅಮ್ಮನ ಪ್ರಶ್ನೆ ಮತ್ತೆ ನನ್ನ ಕಿವಿಯಲ್ಲಿ ಮೊಳಗಿತು.

ವೈದ್ಯರ ಮುಂದೆ, ವಕೀಲರ ಮುಂದೆ ಸುಳ್ಳು ಹೇಳಬಾರದು ಎಂಬ ಮಾತು ನಮ್ಮಲ್ಲಿದೆ. ಅದರ ಇನ್ನೊಂದು ಮುಖವನ್ನು ವೃತ್ತಿ ನನಗೆ ಕಲಿಸಿತು. ನಿಜ ಹೇಳಿದ ರೋಗಿಯನ್ನು ಗದರಿಸಿದರೆ ಮುಂದಿನ ಸಲ ಆತ ಬಾಯಿ ಬಿಡುವುದಿಲ್ಲ. ಬರುವ ಹೊತ್ತಿಗೆ ರೋಗ ಕೈಮೀರಿರುತ್ತದೆ. ರಾಷ್ಟ್ರಗಳ ವಿಷಯವೂ ಹಾಗೆಯೇ. 2025ರ ಮೇ ತಿಂಗಳಲ್ಲಿ ಸಂಸ್ಥೆಯ ಮಹಾಸಭೆ ಸಾಂಕ್ರಾಮಿಕ ಪಿಡುಗುಗಳ ಬಗ್ಗೆ ಹೊಸದೊಂದು ಒಪ್ಪಂದವನ್ನು ಅಂಗೀಕರಿಸಿದೆ. ಕಾಗದಕ್ಕೇನೂ ಕೊರತೆಯಿಲ್ಲ. ಮುಂದೊಂದು ದಿನ ಯಾವುದೋ ದೂರದ ದೇಶ ತನ್ನ ಕಾಯಿಲೆಯನ್ನು ಒಪ್ಪಿಕೊಂಡಾಗ, ಅಲ್ಲಿಂದ ಬಂದ ಪಕ್ಕದ ಮನೆಯವರನ್ನು ಅನುಮಾನದಿಂದ ನೋಡುವ ಮುನ್ನ 1994ರಲ್ಲಿ ಆ ಸಾಲಿನಲ್ಲಿ ನಿಂತಿದ್ದವರು ನಾವೇ ಎಂಬುದನ್ನು ನೆನೆಯೋಣ.