ಠ_ಠ

ಕನ್ನಡದ ಠ ಅಕ್ಷರವನ್ನು ಎರಡು ಸಲ ಬರೆದು ನಡುವೆ ಅಡಿಗೆರೆ ಎಳೆದರೆ ಆಗುವ ಭಾವಚಿಹ್ನೆ. ಜಾಲದ ಮಾತುಕತೆಯಲ್ಲಿ ಅಸಮ್ಮತಿ, ಅಪನಂಬಿಕೆ, ‘ಇದೇನಪ್ಪಾ ನೀನು ಹೇಳ್ತಿರೋದು’ ಎಂಬ ಕೆಕ್ಕರಿಸಿದ ನೋಟ ಇವುಗಳಿಗೆ ಸಲ್ಲುತ್ತದೆ. 2000ರ ದಶಕದ ಕೊನೆಯ ವರ್ಷಗಳಲ್ಲಿ ಫೋರ್‌ಚಾನ್, ರೆಡಿಟ್‌ನಂಥ ಇಂಗ್ಲಿಷ್ ತಾಣಗಳಲ್ಲಿ ಹಬ್ಬಿತು. ಠ ಕನ್ನಡದಲ್ಲಿ ಅಪರೂಪದ ಅಕ್ಷರ: ಪಾಠ, ಹಠ, ಕಂಠ, ಶುಂಠಿ, ಠೇವಣಿ, ಠಾಣೆ ಎಂದು ಎಣಿಸುತ್ತ ಹೋದರೆ ಪಟ್ಟಿ ಬೇಗ ಮುಗಿಯುತ್ತದೆ. ಹರಿಹರದ ಕಡೆಯವರಿಗೆ ಮಾತ್ರ ಇದರ ಬಳಕೆ ತುಸು ಹೆಚ್ಚೇ ಇರಬೇಕು. ಊರಲ್ಲಿ ಪಂಚಮಸಾಲಿ ಪೀಠ, ತಾಲ್ಲೂಕಿನ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠ ಇವೆಯಲ್ಲ.

ಆಕಾರವೇ ಇದರ ಬಂಡವಾಳ. ದುಂಡು ಕಣ್ಣಗುಡ್ಡೆಯಾಯಿತು, ಒಳಗಿನ ಚುಕ್ಕೆ ಪಾಪೆಯಾಯಿತು, ತಲೆಕಟ್ಟು ಹುಬ್ಬಾಯಿತು. ಆದರೆ ‘ಠ ಠಸ್ಸೆ’ ಎಂದು ಒಂದನೇ ಇಯತ್ತೆಯಲ್ಲಿ ತಿದ್ದಿದವರಿಗೆ ಈ ಮುಖ ಥಟ್ಟನೆ ಕಾಣುವುದಿಲ್ಲ. ಕಣ್ಣಿಗೆ ಬೀಳುವ ಮೊದಲೇ ಅಕ್ಷರ ಕಿವಿಗೆ ಬಿದ್ದಿರುತ್ತದೆ, ಯಾರೋ ತೊದಲಿದಂತೆ. ಓದಲು ಬಾರದವರೇ ಇದರಲ್ಲಿ ಮೊದಲು ಮುಖ ಕಂಡದ್ದು ಆಶ್ಚರ್ಯವಲ್ಲ.

ಭಾವಚಿಹ್ನೆಗಳ ಚರಿತ್ರೆ ಇದಕ್ಕಿಂತ ಹಳೆಯದು. ಅಮೆರಿಕದ ‘ಪಕ್’ ಎಂಬ ವಿನೋದ ಪತ್ರಿಕೆ 1881ರಲ್ಲಿಯೇ ಅಚ್ಚುಮೊಳೆಗಳನ್ನು ಜೋಡಿಸಿ ನಾಲ್ಕು ಮುಖ ಮಾಡಿ ತೋರಿಸಿತ್ತು. ಕಂಪ್ಯೂಟರಿನ ಕಾಲಕ್ಕೆ ಬಂದರೆ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್ 1982ರ ಸೆಪ್ಟೆಂಬರ್ 19ರಂದು :-) ಮತ್ತು :-( ಎರಡನ್ನೂ ಸೂಚಿಸಿದರು. ಇದಕ್ಕೆ ಕಾರಣವಾದ ಪ್ರಸಂಗ ಗಮನಿಸತಕ್ಕದ್ದು. ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಎಂಬಂತೆ ಸಹೋದ್ಯೋಗಿಗಳು ಬರೆದ ತಮಾಷೆಯನ್ನು ಕೆಲವರು ನಿಜವೆಂದೇ ನಂಬಿಬಿಟ್ಟರು. ತಮಾಷೆಯ ಮಾತಿಗೆ ನಗುಮುಖ ಹಾಕೋಣ, ತಮಾಷೆಯಲ್ಲದ್ದಕ್ಕೆ ಇನ್ನೊಂದನ್ನು ಹಾಕೋಣ ಎಂದರು ಫಾಲ್‌ಮನ್. ಅಂದರೆ :-( ಹುಟ್ಟಿದ್ದು ದುಃಖ ತೋಡಿಕೊಳ್ಳಲು ಅಲ್ಲ, ‘ಇದನ್ನು ನಂಬಿ’ ಎನ್ನಲು. ಅಳುಮೋರೆಯ ಅರ್ಥ ಆಮೇಲೆ ಅಂಟಿಕೊಂಡದ್ದು. ಭಾವಕ್ಕೂ ಭರವಸೆಗೂ ಒಂದೇ ಚಿಹ್ನೆ ದುಡಿಯುವ ಈ ಗೊಂದಲ ಅಂದಿನಿಂದ ಇಂದಿನವರೆಗೆ ಬಿಟ್ಟಿಲ್ಲ.

ಫಾಲ್‌ಮನ್ ಮುಖವನ್ನು ಕತ್ತು ಓರೆ ಮಾಡಿ ನೋಡಬೇಕು. ಭಾವವೆಲ್ಲ ಅದರ ಬಾಯಲ್ಲಿದೆ. 1980ರ ದಶಕದಲ್ಲೇ ಜಪಾನಿನಲ್ಲಿ ಬಳಕೆಗೆ ಬಂದ (^_^) ನೆಟ್ಟಗೆ ನಿಂತ ಮುಖ. ಅಲ್ಲಿ ಮಾತಾಡುವುದು ಕಣ್ಣು, ಬಾಯಿ ಬರೀ ಗೆರೆ. ಮುಖ ಓದುವಾಗ ಜಪಾನೀಯರು ಕಣ್ಣಿಗೂ ಅಮೆರಿಕನ್ನರು ಬಾಯಿಗೂ ಹೆಚ್ಚು ಬೆಲೆ ಕೊಡುತ್ತಾರೆಂದು ಮಸಾಕಿ ಯೂಕಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಠ_ಠ ಈ ಜಪಾನಿ ವಂಶದ್ದು. ಕಣ್ಣು ಕೆಕ್ಕರಿಸು, ಹುಬ್ಬು ಗಂಟಿಕ್ಕು, ಕಣ್ಣಲ್ಲೇ ಗದರು ಎನ್ನುವ ಕನ್ನಡದ ನುಡಿಗಟ್ಟುಗಳಿಗೂ ಈ ವಂಶವೇ ಹತ್ತಿರ.

ಅಕ್ಷರದ ಪೂರ್ವಜರು ಹರಿಹರದಿಂದ ಬಹಳ ದೂರವಿಲ್ಲ. ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನವು. ದಾವಣಗೆರೆ, ಹರಿಹರ ತಾಲ್ಲೂಕುಗಳೂ 1997ರ ಆಗಸ್ಟ್ 15ರವರೆಗೆ ಅದೇ ಜಿಲ್ಲೆಯಲ್ಲಿದ್ದವು. ಅಶೋಕನ ಬ್ರಾಹ್ಮಿಯಲ್ಲಿ ಠ ಎಂದರೆ ಬರಿಯ ಸೊನ್ನೆ. ಒಳಗೆ ಚುಕ್ಕೆಯಿದ್ದದ್ದು ಥ. ಇಂದಿನ ಕಣ್ಣಿನಿಂದ ನೋಡಿದರೆ ಆಗ ಠ ಪಾಪೆಯಿಲ್ಲದ ಕಣ್ಣು. ತಲೆಕಟ್ಟು ಬಂದದ್ದೂ ತೀರಾ ಆಮೇಲೆ. ಈ ಶಾಸನಗಳನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ಹೆಸರಿನ ಜೊತೆಯ ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿಸಿದ. ಓದುಗರಿಗೆ ಅರ್ಥವಾಗದ ಲಿಪಿಯನ್ನು ಬರೀ ಚೆಂದಕ್ಕೆ ತಂದಿಡುವ ಚಪಲ ಹೊಸದಲ್ಲ.

ಮಾತಿನ ಹೊರಗಿನ ಗುರುತು ಹಾಕಿ ಭರವಸೆ ಕೊಡುವ ಪದ್ಧತಿಯೂ ಹಳೆಯದೇ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಹರಿಹರೇಶ್ವರ ದೇವಾಲಯ ಕಟ್ಟಿಸಿದ; ಅಲ್ಲಿನ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿ ಸೇರಿವೆ. ಕನ್ನಡ ನಾಡಿನ ದಾನಶಾಸನಗಳ ನೆತ್ತಿಯಲ್ಲಿ ಸೂರ್ಯ, ಚಂದ್ರ, ಹಸು-ಕರುಗಳನ್ನು ಕೆತ್ತುವುದು ರೂಢಿ. ದತ್ತಿ ಆಚಂದ್ರಾರ್ಕವಾಗಿ ನಡೆಯಲಿ ಎಂದು ಕೆಳಗೆ ಅಕ್ಷರದಲ್ಲಿ ಬರೆದದ್ದನ್ನು ಓದುಬಾರದ ರೈತನೂ ಮೇಲಿನ ಚಿತ್ರದಿಂದಲೇ ತಿಳಿಯುತ್ತಿದ್ದ.

ಆಡುಮಾತಿನಲ್ಲಿ ಕನ್ನಡಕ್ಕೆ ಇಂಥ ಚಿತ್ರಗಳ ಹಂಗು ಕಡಿಮೆ. ಎಷ್ಟು ನಂಬಬೇಕೆಂಬುದು ಕ್ರಿಯಾಪದದ ಬಾಲದಲ್ಲೇ ಇರುತ್ತದೆ: ಬರ್ತಾನೆ, ಬಂದಾನು, ಬರಬಹುದು, ಬರ್ತಾನಂತೆ, ಬರ್ತಾನೇನೋ. ದಾವಣಗೆರೆಯವರು ‘ಬರ್ತೀನ್ರೀ’ ಎನ್ನುವಾಗ ಆ ‘ರೀ’ ಎಳೆದ ಉದ್ದದಲ್ಲೇ ಮರ್ಯಾದೆಯೋ ನುಣುಚಾಟವೋ ಗೊತ್ತಾಗುತ್ತದೆ. ಬರಹದಲ್ಲಿ ಬಾಲ ಉಳಿಯುತ್ತದೆ, ಎಳೆತ ಹೋಗುತ್ತದೆ. ಶಾಲಾ ವ್ಯಾಕರಣ ‘!’ ಗುರುತಿಗೆ ಭಾವಸೂಚಕ ಚಿಹ್ನೆ ಎಂದೇ ಹೆಸರಿಟ್ಟಿದೆ. ಆದರೆ ಅಬ್ಬಾ, ಅಯ್ಯೋ, ಛೀ ಮೂರಕ್ಕೂ ಒಂದೇ ಕಡ್ಡಿ ಸಾಲದು. ಫೋನಿನ ಮುಖಗಳು ಬಂದು ಕೂತದ್ದು ಈ ತೆರವಿನಲ್ಲಿ.

ಠ ಅಕ್ಷರಕ್ಕೆ ಪರದೇಶದ ದಾರಿ ತೆರೆದದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದರಲ್ಲಿ ಠ 3232ನೇ ಸಂಖ್ಯೆ, ಥ 3237. ಕನ್ನಡದ ಫಾಂಟ್ ಇಲ್ಲದ ಯಂತ್ರದಲ್ಲಿ ಇವು ಖಾಲಿ ಚೌಕಗಳಾಗಿ ಕಾಣುತ್ತಿದ್ದವು. ಮೈಕ್ರೋಸಾಫ್ಟ್ 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಕನ್ನಡ ಫಾಂಟ್ ಒಂದನ್ನು ಕೊಟ್ಟಿತು. ಅದರ ಹೆಸರು ತುಂಗಾ. ಭದ್ರೆಯನ್ನು ಕೂಡಿಕೊಂಡು ಹರಿಹರದ ಪಕ್ಕದಲ್ಲಿ ಹರಿಯುವ ನದಿಯ ಹೆಸರು ಹೊತ್ತ ಆ ಫಾಂಟು ಕನ್ನಡದ ಗಂಧವಿಲ್ಲದವರ ಯಂತ್ರಗಳನ್ನೂ ಸೇರಿತು. ಅದೇ ಹೊತ್ತಿನಲ್ಲಿ ನಮ್ಮಲ್ಲಿ ಬಹುಜನ ಟೈಪಿಸುತ್ತಿದ್ದ ಹಳೆಯ ಸಂಕೇತವ್ಯವಸ್ಥೆಯ ಕಡತಗಳು ಬೇರೆ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಗೀಚಾಗುತ್ತಿದ್ದವು. ಹೊರಗಿನವರು ನಮ್ಮ ಠ ಹಿಡಿದು ಆಡುತ್ತಿದ್ದಾಗ ನಮ್ಮ ಠ ನಮ್ಮ ಕಡತದೊಳಗೇ ಸಿಕ್ಕಿಬಿದ್ದಿತ್ತು.

ಠ ಹಿಂದೆಯೇ ಬಳಗವೂ ಬಂತು. ಥ_ಥ ಅಳುವ ಮುಖ: ಕೆಳಗೆ ಇಳಿದ ಮಹಾಪ್ರಾಣದ ಗೀಟು ಕಣ್ಣೀರಾಗುತ್ತದೆ. ಠ_ರೃ ಒಂಟಿಗಾಜಿನ ಕನ್ನಡಕ ತೊಟ್ಟ ಸಾಹೇಬ. ರೃ ಎಂಬುದರ ತೂಗುಬಾಲ ಆ ಗಾಜಿನ ಸರಪಳಿ. ಕಾಗುಣಿತದಲ್ಲಷ್ಟೇ ಬದುಕಿರುವ ರೃಗೆ ಹೀಗೊಂದು ಉದ್ಯೋಗ ಸಿಕ್ಕಿದ್ದು ಮೆಚ್ಚತಕ್ಕದ್ದೇ.

ಇಮೋಜಿಗಳ ಕವಲು ಬೇರೆ. ಜಪಾನಿನ ಡೊಕೊಮೊ ಕಂಪನಿಗಾಗಿ ಶಿಗೆತಾಕ ಕುರಿತಾ ಎಂಬವರು 1999ರಲ್ಲಿ ಮಾಡಿದ 176 ಚಿತ್ರಗಳು ಹೆಸರುವಾಸಿ. ಯೂನಿಕೋಡ್ 2010ರಲ್ಲಿ ಇಮೋಜಿಗಳನ್ನು ಸೇರಿಸಿಕೊಂಡಿತು. 2019ರಲ್ಲಿ ಹಣತೆ, ಸೀರೆ, ಆಟೊ, ಗುಡಿ ಬಂದವು. ಬೆಣ್ಣೆ ದೋಸೆ ಇನ್ನೂ ಬಂದಿಲ್ಲ. ಹೆಬ್ಬೆರಳ ಚಿತ್ರಕ್ಕೆ ಕಾನೂನಿನ ತೂಕವೂ ಬಂದಿದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ನ್ಯಾಯಾಲಯ 2023ರಲ್ಲಿ ಅಗಸೆ ಬೀಜದ ಕರಾರಿಗೆ ರೈತ ಕಳಿಸಿದ ಹೆಬ್ಬೆರಳನ್ನು ಸಹಿಯೆಂದೇ ಪರಿಗಣಿಸಿ 82 ಸಾವಿರ ಡಾಲರಿಗೂ ಹೆಚ್ಚು ಪರಿಹಾರ ತೆರಿಸಿತು. ‘ನೋಡಿದೆ’ ಎಂದಷ್ಟೇ ಹೇಳಿದ್ದು ಎಂಬ ಅವನ ವಾದ ನಿಲ್ಲಲಿಲ್ಲ. ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರಿಗಳು ಗಮನಿಸಬಹುದು.

ಅಕ್ಷರಕ್ಕೂ ಇಮೋಜಿಗೂ ತಾಂತ್ರಿಕ ನಂಟು ಒಂದಿದೆ. ‘ರ‍್ಯಾಂಕ್’ ಎಂದು ಬರೆಯುವಾಗ ರ ಅರ್ಕಾವೊತ್ತಾಗದೆ ಮುಂದೆಯೇ ನಿಲ್ಲಲು ಕಣ್ಣಿಗೆ ಕಾಣದ ಜೋಡಕವೊಂದನ್ನು ನಡುವೆ ಇಡಬೇಕು. ಅಪ್ಪ, ಅಮ್ಮ, ಮಗುವಿನ ಬೇರೆಬೇರೆ ಇಮೋಜಿಗಳನ್ನು ಬೆಸೆದು ಒಂದೇ ಸಂಸಾರದ ಚಿತ್ರವಾಗಿಸುವುದೂ ಅದೇ ಜೋಡಕ. ಹರಿಹರದ ಗರ್ಭಗುಡಿಯ ವಿಗ್ರಹದಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಅಲ್ಲಿಯೂ ಬೆಸುಗೆಯ ಗೆರೆ ಕಾಣುವುದಿಲ್ಲ.